ಮೆಣಸಿನಕಾಯಿ ಇನ್ನೂ ಬಾರದ ಕಾಲದ ಅಳು

ಹೋದ ತಿಂಗಳು ಶಿಗ್ಗಾಂವಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಉಂಡು ಕೈ ತೊಳೆಯಲು ಮಂಟಪದ ಹಿಂದೆ ಹೋದರೆ ಅಡುಗೆಯವನೊಬ್ಬ, ಬೆಳಗಿನಿಂದ ಕುದ್ದು ಕುದ್ದು ಕರ್ರಗಾದ ಚಹಾಪುಡಿಯನ್ನು ಪಾತೇಲಿಯಿಂದ ತೋಡಿ ಒಂದು ಹಸಿ ಧೋತರದ ತುಂಡಿನ ಮೇಲೆ ಸುರಿಯುತ್ತಿದ್ದ. ಬಿಸಿ ಚಹಾಪುಡಿ, ಹಸಿ ಹತ್ತಿಬಟ್ಟೆ. ಎರಡರ ವಾಸನೆ ಕೂಡಿ ಮೂಗಿಗೆ ಬಡಿದದ್ದೇ ತಡ, ಕೈ ತೊಳೆಯುವುದು ಬಿಟ್ಟು ಅಲ್ಲೇ ಕೂತುಬಿಟ್ಟೆ. ಜೊತೆಗಿದ್ದವರು ಊಟ ಹೆಚ್ಚಾಗಿರಬೇಕು ಎಂದು ಸೋಡಾ ತರಿಸಿದರು. ಊಟವೂ ಅಲ್ಲ, ಎಂಥದೂ ಅಲ್ಲ. ಸಿನಿಮಾದವರು ನಮ್ಮ ಕಡೆ ಬಂದಿದ್ದ ಆ ಸುಗ್ಗಿ ನೆನಪಾಗಿತ್ತು. ಅವ್ವ ನೆನಪಾಗಿದ್ದಳು.

ನಾನು ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಹಿಂದೆ ಹೊಲಿಗೆ ಅಂಗಡಿ ಇಟ್ಟವಳು. ಮದುವೆಯಾಗಿ, ಮುರಿದುಕೊಂಡು, ಅವ್ವನ ಮನೆಗೇ ಬಂದವಳು. ಅದು ಬೇರೆ ಕಥೆ, ಅದರಲ್ಲಿ ಅಳುವಂಥದ್ದೇನೂ ಇಲ್ಲ. ಆ ವರ್ಷ ಭತ್ತ ಕೊಯ್ದು ಗದ್ದೆಗಳು ಬೋಳಾಗಿದ್ದವು. ಬೆಳಗಿನ ಮಂಜಿನಲ್ಲಿ ಹುಲ್ಲಿನ ಬಣವೆಗಳು ಆಕಳು ಮಲಗಿದ ಹಾಗೆ ಕಾಣುತ್ತಿದ್ದವು. ಆಗ ಬಂದರು ಅವರು, ವ್ಯಾನು ವ್ಯಾನು ತುಂಬಿಕೊಂಡು. ಎಂಟುನೂರು ವರ್ಷದ ಹಿಂದೆ ಹಾನಗಲ್ಲ ಕೋಟೆಗೆ ಮುತ್ತಿಗೆ ಬಿದ್ದ ಕಾಲದ ಕಥೆಯಂತೆ. ನಾಯಕ ರಾಜನಲ್ಲ, ಶತ್ರುಗಳು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಲು ಹೋಗಿ ಸತ್ತ ಒಬ್ಬ ಕಾವಲಿನವನು. ನಮ್ಮ ಕಡೆ ಕೆರೆಯ ದಂಡೆಗೆ, ಹೊಲದ ಬದುವಿಗೆ ನಿಂತಿರುವ ವೀರಗಲ್ಲುಗಳಲ್ಲಿ ಒಂದನ್ನು ನೋಡಿ ಕಟ್ಟಿದ ಕಥೆ. ಊರಿನವರು ಅದರ ಮೇಲೆ ಬಟ್ಟೆ ಒಣಗಿಸುತ್ತಿದ್ದರು, ಡೈರೆಕ್ಟರು ಬಂದು ಅದಕ್ಕೆ ಕೈಮುಗಿದ.

ನನ್ನನ್ನು ಬಟ್ಟೆ ಹೊಲಿಯಲು ಕರೆದರು. ಮಶಿನ್ನಿಗೆ ಎಣ್ಣೆ ಬಿಟ್ಟುಕೊಂಡು ಹೋದೆ. ಹೋದ ಮೊದಲನೆಯ ದಿನವೇ ಹೇಳಿದರು: ಹೊಲಿಯಬಾರದು! ಆ ಕಾಲದ ಬಡವರು ಹೊಲಿದ ಬಟ್ಟೆ ತೊಡುತ್ತಿರಲಿಲ್ಲವಂತೆ, ಉಡುತ್ತಿದ್ದರು, ಹೊದೆಯುತ್ತಿದ್ದರು. ಮಶಿನ್ನಿನ ಹೊಲಿಗೆ ಒಂದು ಎಳೆ ಕಂಡರೂ ಕ್ಯಾಮರಾ ಹಿಡಿದುಬಿಡುತ್ತದಂತೆ. ಕರೆದು ಮಣೆ ಹಾಕಿ ಊಟಕ್ಕಿಲ್ಲ ಅಂದ ಹಾಗಾಯಿತು ನನ್ನ ಪಾಡು. ಇದನ್ನೆಲ್ಲ ಹೇಳುವವರು ಒಬ್ಬ ಇತಿಹಾಸದ ಸರ್. ನಿವೃತ್ತ ಪ್ರಾಧ್ಯಾಪಕರು, ಮೆತ್ತಗಿನ ಮನುಷ್ಯ, ಬೈಯಲಿಕ್ಕೂ ಬಾರದವರು. ಬೆಳಿಗ್ಗೆ ಒಂದು ಕುರ್ಚಿ ಹಾಕಿಕೊಂಡು ಕೂತರೆ ಸಂಜೆಯವರೆಗೆ ತಪ್ಪು ಹುಡುಕುವುದೇ ಅವರ ಕೆಲಸ. ದೂರದಲ್ಲಿ ಗೋವಿನಜೋಳದ ಹೊಲ ಕಂಡರೆ ಕ್ಯಾಮರಾ ತಿರುಗಿಸಿ ಎನ್ನುತ್ತಿದ್ದರು, ಅದು ಆಗ ಇರಲಿಲ್ಲ. ನೀಲಗಿರಿ ಮರ ಇರಲಿಲ್ಲ. ಜರ್ಸಿ ಆಕಳು ಇರಲಿಲ್ಲ. ಜವಾರಿ ದನ ಹುಡುಕಿ ತಂದರೆ ಅವುಗಳ ಕಿವಿಯಲ್ಲಿ ಹಳದಿ ಬಿಲ್ಲೆ! ಬಿಲ್ಲೆ ಕಿತ್ತರೆ ವಿಮೆ ಹೋಗುತ್ತದೆ ಎಂದು ದನದವರು ಕೋಲು ಹಿಡಿದು ನಿಂತರು. ಕೊನೆಗೆ ಕಿವಿಗೆಲ್ಲ ಕೆಸರು ಮೆತ್ತಿದರು. ಹೆಂಗಸರ ತೋಳಿನ ಮೇಲಿನ ಸಿಡುಬಿನ ಚುಚ್ಚುಮದ್ದಿನ ಕಲೆಗಳಿಗೆ ತೋಳಬಂದಿ ಕಟ್ಟಿದರು.

ಕುಪ್ಪಸ ಬೇಡ ಎಂದಾಗ ಮಾತ್ರ ದೊಡ್ಡ ಗದ್ದಲವಾಯಿತು. ಗುಂಪಿನ ಪಾತ್ರಕ್ಕೆ ಬಂದಿದ್ದವರೆಲ್ಲ ರಟ್ಟೀಹಳ್ಳಿ ಕಡೆಯ ಹೆಂಗಸರು. ನಿಮ್ಮ ಇತಿಹಾಸ ನಿಮ್ಮ ಮನೆಯ ಹೆಂಗಸರಿಗೆ ತೊಡಿಸಿರಿ ಎಂದು ಸೆರಗು ಸುತ್ತಿ ಎದ್ದೇಬಿಟ್ಟರು. ಸರ್ ಅವರ ಮುಖ ಕೆಂಪಾಗಿಹೋಯಿತು. ಆಗ ನನಗೆ ಕೆಲಸ ಸಿಕ್ಕಿತು: ಸೀರೆಯನ್ನು ಹೇಗೆ ಸುತ್ತಿದರೆ ಕುಪ್ಪಸ ಇದ್ದೂ ಕಾಣಿಸುವುದಿಲ್ಲ ಎಂಬುದನ್ನು ಕಂಡುಹಿಡಿಯುವುದು. ಉಳಿದ ಹೊತ್ತೆಲ್ಲ ಸವಣೂರಿನಲ್ಲಿ. ಅಲ್ಲಿ ಖಾದರಭಾಯಿ ಎಂಬ ಬಟ್ಟೆಗೆ ಬಣ್ಣ ಹಾಕುವವರ ಹಿತ್ತಲಿನಲ್ಲಿ ಹೊಸ ಹತ್ತಿಬಟ್ಟೆಯನ್ನು ಚಹಾಪುಡಿಯ ನೀರಿನಲ್ಲಿ ಕುದಿಸಿ ಹಳೆಯದು ಮಾಡುತ್ತಿದ್ದೆವು. ಜನ್ಮವೆಲ್ಲ ಹಳೆಯದನ್ನು ಹೊಸದು ಮಾಡಿ ಉಂಡೆ, ಈಗ ಉಲ್ಟಾ ಆಯಿತು ನೋಡು ಎಂದು ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಚಲೋ ದಿನಗಳು ಅವು, ಸುಳ್ಳು ಯಾಕೆ ಹೇಳಲಿ.

ಈಗ ಅವ್ವನ ಮಾತು ಹೇಳಬೇಕು. ನಮ್ಮ ಅವ್ವ ಫಕೀರವ್ವ ಹಾಡ್ಯಾಡಿ ಅಳುವುದರಲ್ಲಿ ಸುತ್ತ ಹಳ್ಳಿಗೆಲ್ಲ ಹೆಸರಾದವಳು. ಯಾರದೇ ಮನೆಯಲ್ಲಿ ಸಾವಾಗಲಿ, ಹೆಣದ ತಲೆಯ ಬದಿ ಕೂತು, ಸತ್ತವರು ಬದುಕಿದ್ದಾಗ ಏನು ಉಂಡರು, ಏನು ಉಟ್ಟರು, ಯಾರಿಗೆ ಏನು ಕೊಟ್ಟರು ಎಂಬುದನ್ನೆಲ್ಲ ರಾಗದಲ್ಲಿ ಎತ್ತಿ ಎತ್ತಿ ಅಳುತ್ತಿದ್ದಳು. ಗಟ್ಟಿ ಗಂಡಸರೂ ಹೊರಗೆ ಹೋಗಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಇದಕ್ಕೆ ಯಾರೂ ಏನೂ ಕೊಡುವುದಿಲ್ಲ, ಕೊಟ್ಟರೆ ತೆಗೆದುಕೊಳ್ಳುವುದೂ ಇಲ್ಲ. ಸತ್ತವರನ್ನು ಮಾತಿಲ್ಲದೆ ಕಳಿಸಬಾರದು, ಅಷ್ಟೇ.

ಇಂಥ ಅವ್ವ ತನ್ನ ಮಗನಿಗೆ ಅಳಲಿಲ್ಲ. ನನ್ನ ತಮ್ಮ ಬಸವರಾಜ, ನಮ್ಮ ಬಸ್ಯಾ, ಶಿಗ್ಗಾಂವಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಒಂದು ದಿನ ಊಟಕ್ಕೆ ಬರುತ್ತೇನೆ ಎಂದು ಅವ್ವನಿಗೆ ಫೋನು ಮಾಡಿ ಮೋಟಾರ್‌ಸೈಕಲ್ ಹತ್ತಿದವನು ಹೈವೇ ದಾಟಲಿಲ್ಲ. ಹೆಣ ಮನೆಗೆ ಬಂದಾಗ ಊರೇ ನೆರೆದಿತ್ತು. ಎಲ್ಲರೂ ಅವ್ವನ ಬಾಯಿ ನೋಡುತ್ತಿದ್ದರು. ಅವಳು ಗೋಡೆಗೆ ಒರಗಿ ಕೂತವಳು ಬಾಯಿ ತೆರೆಯಲಿಲ್ಲ. ಬಸ್ಯಾನ ಹೆಂಡತಿ ರೇಣುಕಾ, ಮದುವೆಯಾಗಿ ವರ್ಷ ತುಂಬದ ಹುಡುಗಿ, ಅವಳ ಭುಜ ಹಿಡಿದು ಅಲುಗಾಡಿಸಿದಳು. ಅಳ್ರಿ ಅತ್ತಿ, ಅಳ್ರಿ ಎಂದು ಬೇಡಿಕೊಂಡಳು. ಅವ್ವ ಕಲ್ಲಾಗಿದ್ದಳು. ದಿವಸದ ಕಾರ್ಯ ಮುಗಿದ ಮೇಲೆ ರೇಣುಕಾ ತವರಿಗೆ, ಹಿರೇಕೆರೂರಿಗೆ, ಹೊರಟಳು. ಹೊಸ್ತಿಲಿನಲ್ಲಿ ನಿಂತು ಒಂದೇ ಮಾತು ಕೇಳಿದಳು.

"ಊರ ಮಂದಿಗೆಲ್ಲಾ ಅತ್ರಿ. ನನ್ನ ಗಂಡ ನಿಮಗ ಏನೂ ಆಗಬೇಕಿದ್ದಿಲ್ಲೇನ್ರಿ ಅತ್ತಿ?"

ಅವ್ವ ಎದ್ದು ಒಳಗೆ ಹೋದಳು. ಎಷ್ಟೋ ತಿಂಗಳ ಮೇಲೆ ಅಕ್ಕಿ ಆರಿಸುತ್ತಾ ಕೂತಾಗ ನನಗೆ ಹೇಳಿದಳು, ನಾನು ಬಾಯಿ ತೆರೆದು ಅತ್ತುಬಿಟ್ಟರೆ ಅವನು ಖರೆ ಸತ್ತ ಹಾಗೆ ಆಗುತ್ತದಲ್ಲ, ಅದಕ್ಕೇ ತೆರೆಯಲಿಲ್ಲ ಎಂದು. ಇದನ್ನು ರೇಣುಕಾಳಿಗೆ ಹೇಳು ಎಂದರೆ ತಲೆ ಅಲ್ಲಾಡಿಸಿದಳು. ಹೇಳಿ ತಿಳಿಸುವುದಲ್ಲ ಅದು, ಕೇಳಿ ತಿಳಿಯುವುದು ಎಂದಳು. ಮುಂದೆ ಯಾರ ಮನೆಯ ಸಾವಿಗೂ ಅಳಲು ಹೋಗಲಿಲ್ಲ. ಊರ ಬಾಯಿಗೆ ಮುಚ್ಚಳವಿಲ್ಲ. ಕಲ್ಲೆದೆಯ ಮುದುಕಿ ಎಂದರು. ಅವಳಿಗೆ ಊರಿನದು ತಾಗುತ್ತಿರಲಿಲ್ಲ. ರೇಣುಕಾ ಹೊಸ್ತಿಲಿನಲ್ಲಿ ಕೇಳಿದ್ದು ಮಾತ್ರ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿದಿತ್ತು.

ಸಿನಿಮಾದಲ್ಲಿ ಸತ್ತ ನಾಯಕನ ಮುಂದೆ ಅವನ ತಾಯಿ ಅಳಬೇಕಿತ್ತು. ನಟಿಯರ ಅಳು ಡೈರೆಕ್ಟರಿಗೆ ಬೇಡ, ಖರೆ ಅಳು ಬೇಕು. ಯಾರೋ ಅವ್ವನ ಹೆಸರು ಹೇಳಿದರು. ಡೈರೆಕ್ಟರು ಸರ್ ಅವರನ್ನು ಕರೆದುಕೊಂಡು ಮನೆಗೇ ಬಂದ. ಅವ್ವ ಚಹಾ ಕೊಟ್ಟಳು, ಆಗುವುದಿಲ್ಲ ಎಂದಳು. ಅಲ್ಲಿ ಮಲಗುವವನು ಜೀವಂತ ಮನುಷ್ಯ, ಅವನಿಗೂ ತಾಯಿ ಇದ್ದಾಳು, ಜೀವ ಇದ್ದವನ ಮೇಲೆ ಅಳುವುದು ಶಾಪ ಹಾಕಿದ ಹಾಗೆ ಎಂದಳು. ಆತ ಏನೇನೋ ತಿಳಿಹೇಳಿದ. ಅವ್ವ ಖಾಲಿ ಕಪ್ಪುಗಳನ್ನು ಎತ್ತಿಟ್ಟಳು. ಅವರು ಎದ್ದು ಚಪ್ಪಲಿ ಮೆಟ್ಟುವಾಗ ತಡೆದಳು.

"ತಮ್ಮಾ, ಇದನ್ನ ಹಿರೇಕೆರೂರಾಗ ತೋರಸ್ತೀರೇನು?"

"ಎಲ್ಲಾ ಕಡೆ ತೋರಿಸ್ತೀವಮ್ಮ."

"ಹಂಗಾರ ಜೀವ ಇದ್ದವನ್ನ ಮಲಗಿಸಬ್ಯಾಡ್ರಿ. ಬ್ಯಾರೆ ಏನರ ಇಡ್ರಿ. ನಾ ಬರ್ತೇನಿ."

ಡೈರೆಕ್ಟರಿಗೆ ಒಪ್ಪಿಗೆ ಸಿಕ್ಕ ಸಂತೋಷ. ಕ್ಯಾಮರಾ ಅವ್ವನ ಮುಖದ ಮೇಲೇ ಇರುತ್ತದೆ, ನಟನದು ಬೇರೆ ಹೊತ್ತಿನಲ್ಲಿ ತೆಗೆದರಾಯಿತು ಎಂದ. ಅವ್ವ ಯಾರಿಗಾಗಿ ಒಪ್ಪಿದಳೆಂದು ನನಗೊಬ್ಬಳಿಗೇ ಗೊತ್ತು.

ಆ ಹೆಣವನ್ನು ನಾನೇ ಹೊಲಿದೆ. ಇಡೀ ಸಿನಿಮಾದಲ್ಲಿ ನಾನು ಮಶಿನ್ನಿನಲ್ಲಿ ಹೊಲಿದದ್ದು ಅದೊಂದೇ. ಗೋಣಿಚೀಲ ಕತ್ತರಿಸಿ, ಕೈಕಾಲು ಮಾಡಿ, ಹೊಸ ಭತ್ತದ ಹುಲ್ಲು ತುಂಬಿ ತುಂಬಿ ಹೊಲಿದೆ. ಎಷ್ಟು ಉದ್ದ ಇರಬೇಕು ಎಂದು ನಾನು ಯಾರನ್ನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮುಗಿದ ಮೇಲೆ ನೋಡಿದರೆ ಬಸ್ಯಾನಷ್ಟೇ ಆಗಿತ್ತು. ಎಷ್ಟು ಅಂಗಿ ಹೊಲಿದಿದ್ದೆ ಅವನಿಗೆ! ಕೈಗೆ ಅಳತೆ ಗೊತ್ತಿತ್ತು.

ಕೆರೆಯ ದಂಡೆಯಲ್ಲಿ, ಇಳಿಬಿಸಿಲಿನಲ್ಲಿ, ಚಹಾ ಬಣ್ಣದ ಹೊದಿಕೆ ಹೊದಿಸಿ ಅದನ್ನು ಮಲಗಿಸಿದರು. ಸುತ್ತ ರಟ್ಟೀಹಳ್ಳಿ ಕಡೆಯ ಹೆಂಗಸರು ಕೂತರು. ನಮ್ಮ ಊರಿನವರೆಂದರೆ ನಾನೊಬ್ಬಳೇ. ಅವ್ವ ಬಂದು ತಲೆಯ ಬದಿ ಕೂತಳು. ಬರೆದುಕೊಟ್ಟ ಮಾತುಗಳನ್ನು ನಾನು ಬೆಳಿಗ್ಗೆಯೇ ಅವಳಿಗೆ ಓದಿ ಬಾಯಿಪಾಠ ಮಾಡಿಸಿದ್ದೆ. ಕ್ಯಾಮರಾ ಸುರುವಾಯಿತು. ಅವ್ವ ಸುಮ್ಮನೆ ಕೂತಳು. ಡೈರೆಕ್ಟರು ಇನ್ನೇನು ನಿಲ್ಲಿಸಬೇಕು, ಅಷ್ಟರಲ್ಲಿ ಅವಳು ಕೈ ಚಾಚಿ ಹೊದಿಕೆಯ ಮೇಲಿಂದ ಆ ಹುಲ್ಲಿನ ಎದೆಯನ್ನು ಮುಟ್ಟಿದಳು. ನಾಲ್ಕು ವರ್ಷದಿಂದ ಮುಚ್ಚಿದ್ದ ಬಾಯಿ ತೆರೆಯಿತು.

"ಬಸ್ಯಾ... ಊಟಕ್ಕ ಬರ್ತೇನಿ ಅಂತ ಫೋನ ಮಾಡಿದ್ಯಲ್ಲೋ ನನ್ನಪ್ಪಾ. ಮೆಣಸಿನಕಾಯಿ ಹುರದು ಇಡಬೇ ಅಂದ್ಯಲ್ಲೋ, ಹುರದ ಇಟ್ಟಿದ್ನೆಲ್ಲೋ. ದಾರಿಯಾಗ ಎಷ್ಟ ಮೋಟಾರಸೈಕಲ್ ಸಪ್ಪಳ ಬಂತಲ್ಲೋ, ಒಂದೊಂದಕ್ಕೂ ಎದ್ದ ಎದ್ದ ನೋಡಿದ್ನೆಲ್ಲೋ. ಎಲ್ಲಾರ ಮಕ್ಕಳದೂ ಬಂತಲ್ಲೋ ಬಸ್ಯಾ, ನಿಂದ ಬರ್ಲಿಲ್ಲಲ್ಲೋ. ನನ್ನ ರೇಣವ್ವ ಬಾಗಿಲದಾಗ ನಿಂತ ಕೇಳಿದ್ಲಲ್ಲೋ, ಅಕೀಗೆ ಏನಂತ ಹೇಳ್ಲೋ ನನ್ನಪ್ಪಾ..."

ಇಷ್ಟೇ ನನಗೆ ನೆನಪಿರುವುದು. ಅವಳು ಹೊತ್ತು ಮುಳುಗುವವರೆಗೆ ಅತ್ತಳು. ಅವನು ಹುಟ್ಟಿದ್ದು, ಹಲ್ಲು ಬಂದದ್ದು, ಸಾಲಿ ಬಿಟ್ಟದ್ದು, ಮೊದಲ ಪಗಾರದಲ್ಲಿ ತಂದ ಸೀರೆ, ಎಲ್ಲವನ್ನೂ ಎತ್ತಿದಳು. ಸುತ್ತಲಿನ ಹೆಂಗಸರು ಪಾತ್ರ ಮರೆತು ತಮ್ಮ ತಮ್ಮವರನ್ನು ಹೆಸರು ಹಿಡಿದು ಅಳತೊಡಗಿದರು. ಡೈರೆಕ್ಟರು ನಿಲ್ಲಿಸು ಎನ್ನಲಿಲ್ಲ. ನಾನು ಕೆರೆಯ ಕಡೆ ಮುಖ ಮಾಡಿ ನಿಂತುಬಿಟ್ಟೆ.

ಎಲ್ಲ ಮುಗಿದು, ಅವ್ವನಿಗೆ ನೀರು ಕುಡಿಸಿ, ಕೂರಿಸಿದ ಮೇಲೆ ಸರ್ ಬಂದರು. ಅವರ ಕಣ್ಣೂ ಕೆಂಪಾಗಿತ್ತು. ಹೇಳಲೋ ಬೇಡವೋ ಎಂದು ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು.

"ಫೋನು, ಮೋಟಾರ್‌ಸೈಕಲ್ಲು ಹೋಗಲಿ... ಮೆಣಸಿನಕಾಯಿ ಕೂಡ ಆಗಿನ್ನೂ ನಮ್ಮ ನಾಡಿಗೆ ಬಂದಿರಲಿಲ್ಲ."

ಅಯ್ಯ ಶಿವನೇ, ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ತಮ್ಮನ ಸಾವಿನಲ್ಲಿಯೂ ಇವರಿಗೆ ತಪ್ಪು ಸಿಕ್ಕಿತಲ್ಲ! ಪಾಪ, ಅವರದು ಅದೇ ಕೆಲಸ, ಈಗ ಸಮಾಧಾನದಿಂದ ಯೋಚಿಸಿದರೆ ತಿಳಿಯುತ್ತದೆ. ಅವತ್ತು ತಿಳಿಯಲಿಲ್ಲ. ನಾಲ್ಕು ಮಾತು ಆಡಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

ಡೈರೆಕ್ಟರು ಅವ್ವನ ಕಾಲ ಬಳಿ ಕೂತು, ಇನ್ನೊಂದು ಸಲ, ಬರೆದುಕೊಟ್ಟ ಮಾತಿನಲ್ಲಿ ಮಾಡೋಣವೇ ಎಂದು ಕೇಳಿದ. ಅವ್ವನಿಗೆ ಸಿಟ್ಟೇನೂ ಬರಲಿಲ್ಲ. ಆತನ ತಲೆಯ ಮೇಲೆ ಕೈಯಿಟ್ಟಳು. ಎರಡನೆಯ ಸಲ ಅತ್ತರೆ ಅದು ಬರೀ ನಾಟಕ ಆಗುತ್ತದೆ, ನನ್ನಿಂದ ಆಗುವುದಿಲ್ಲ ಎಂದಳು. ಆಮೇಲೆ ತನಗೆ ಬೇಕಾದ್ದು ಕೇಳಿದಳು: ಈಗ ಅತ್ತದ್ದು ಇರುತ್ತದೋ ಇಲ್ಲವೋ?

"ಇರುತ್ತಮ್ಮ, ಖಂಡಿತ ಇರುತ್ತೆ. ನಿಮ್ಮನ್ನ ತೆಗೆಯೋದೇ ಇಲ್ಲ."

ಆತ ಸುಳ್ಳು ಹೇಳಲಿಲ್ಲ. ನಾವು ಬೇರೆ ತಿಳಿದುಕೊಂಡೆವು. ಅವರಿಗೆ ಅಳು ಅಂದರೆ ಮುಖ. ನಮಗೆ ಅಳು ಅಂದರೆ ಮಾತು.

ಭತ್ತದ ರಾಶಿ ಮುಗಿಯುವ ಹೊತ್ತಿಗೆ ಅವರು ಹೋದರು. ಸಿನಿಮಾ ಬರಲು ಎರಡು ವರ್ಷ ಹಿಡಿಯಿತು. ಅಷ್ಟು ದಿನವೂ ಅವ್ವ ಹಗುರಾಗಿದ್ದಳು. ಅಂಗಡಿಗೆ ಬುತ್ತಿ ತರುತ್ತಿದ್ದಳು, ಬಂದವರ ಕೂಡ ನಗುತ್ತಿದ್ದಳು. ಯಾವಾಗ ಬರ್ತದಂತ, ಹಿರೇಕೆರೂರಿಗೂ ಅವತ್ತೇ ಬರ್ತದೇನು ಎಂದು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಬಂದಾಗ ನನ್ನಿಂದ ರೇಣುಕಾಳಿಗೆ ಫೋನು ಮಾಡಿಸಿದಳು. ಬೇರೇನೂ ಹೇಳಬೇಡ, ನೋಡು ಎಂದಷ್ಟೇ ಹೇಳು ಎಂದಳು. ರೇಣುಕಾ ಆಗ ಹಿರೇಕೆರೂರಿನ ಒಂದು ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಸರಿ ಅಕ್ಕಾರ, ನೋಡ್ತೇನಿ ಎಂದಳು.

ಅವ್ವನೂ ನಾನೂ ಹಾವೇರಿಯ ಟಾಕೀಜಿಗೆ ಹೋದೆವು. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ದನ ಬಂದವು, ಕೆಸರು ಮೆತ್ತಿದ ಕಿವಿ ನೋಡಿ ನಕ್ಕಳು. ಮುತ್ತಿಗೆ ಆಯಿತು, ನಾಯಕ ಸತ್ತ. ಕೆರೆಯ ದಂಡೆ ಬಂತು, ಅವ್ವನ ಮುಖ ಬಂತು, ಇಷ್ಟು ದೊಡ್ಡದು. ನನ್ನ ಕೈ ಹಿಡಿದುಕೊಂಡಳು. ಬಾಯಿ ತೆರೆಯಿತು.

"ಎನ್ನೊಡಲ ಬೆಳಕೇ, ತುರುಗಳ ಮರಳಿಸಿ ನೀ ಮರಳದೆ ಹೋದೆಯಾ..."

ಬೇರೆ ಯಾರದೋ ದನಿ. ಎಳೆಯ, ನುಣ್ಣಗಿನ ದನಿ. ಕೆಳಗೆ ಕೊಳಲು. ಮಾತುಗಳು ಚೆಂದವಾಗಿದ್ದವು, ಒಂದರಲ್ಲೂ ತಪ್ಪಿರಲಿಲ್ಲ. ಟಾಕೀಜಿನಲ್ಲಿ ಜನ ಮೂಗು ಒರೆಸಿಕೊಳ್ಳುತ್ತಿದ್ದರು. ನಾನು ಅವ್ವನ ಕಡೆ ನೋಡಲು ಹೆದರಿದೆ. ಅವಳು ಕೊನೆಯವರೆಗೆ ಕೇಳಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದಳು.

"ಯಾರಬೇ ಅಕಿ? ಚಲೋ ಅಳತಾಳ. ಪಾಪ, ಅಕೀದೂ ಯಾರರ ಹೋಗಿರಬೇಕು."

ಮರುದಿನ ರೇಣುಕಾ ಫೋನು ಮಾಡಿದಳು. ನಾನು ಬಟ್ಟೆ ಕತ್ತರಿಸುತ್ತಿದ್ದವಳು, ಸ್ಪೀಕರಿಗೆ ಹಾಕಿದ್ದೆ. ಅವ್ವ ಎದುರಿಗೇ ಕೂತಿದ್ದಳು.

"ಯಾರಿಗೋ ಅತ್ತದ್ದನ್ನ ನೋಡಂತ ನನಗ್ಯಾಕ ಹೇಳಿದ್ರಿ ಅಕ್ಕಾರ? ಸಿನಿಮಾದ ಹೆಣಕ್ಕ ಬಂದ ಕಣ್ಣೀರು ಅವತ್ತ ಎಲ್ಲಿ ಹೋಗಿತ್ತಂತ ನಿಮ್ಮವ್ವಗ ಕೇಳ್ರಿ."

ನಾನು ಕತ್ತರಿ ಬಿಸಾಕಿ ಫೋನು ಎತ್ತಿ ಎಲ್ಲ ಹೇಳಿದೆ. ಹುಲ್ಲಿನ ಹೆಣ, ಬಸ್ಯಾ ಎಂದದ್ದು, ರೇಣವ್ವ ಎಂದದ್ದು. ನೀವು ಮಗಳು, ಹಂಗೇ ಹೇಳ್ತೀರಿ ಎಂದು ಇಟ್ಟುಬಿಟ್ಟಳು. ಊರಿನಲ್ಲೂ ಅದೇ ಮಾತು ಹಬ್ಬಿತು, ಹೆತ್ತ ಮಗನಿಗೆ ಅಳದವಳು ಪರದೆಯ ಮೇಲೆ ಬರಲು ಅತ್ತಳು ಎಂದು. ಡೈರೆಕ್ಟರಿಗೆ ಎಷ್ಟೋ ಸಲ ಫೋನು ಹಚ್ಚಿದ ಮೇಲೆ ಸಿಕ್ಕ. ಮಾತುಗಳು ಒಂದರಲ್ಲೊಂದು ಹೆಣೆದುಕೊಂಡಿದ್ದವು, ಕತ್ತರಿಸಲು ಬರಲಿಲ್ಲ, ಅದಕ್ಕೇ ಬೇರೆ ದನಿ ಕೂಡಿಸಿದೆವು, ಮೂಲ ದನಿ ಈಗ ಎಲ್ಲಿಯೂ ಉಳಿದಿಲ್ಲ ಎಂದ. ಆತ ಫೋನಿನಲ್ಲಿಯೇ ಅತ್ತ. ಅದನ್ನು ಇಟ್ಟುಕೊಂಡು ನಾನೇನು ಮಾಡಲಿ?

ಅವ್ವ ಆಮೇಲೆ ಸಿನಿಮಾದ ಮಾತು ಎತ್ತಲಿಲ್ಲ. ಅಂಗಡಿಗೆ ಬರುವುದು ಬಿಟ್ಟಳು. ಹೋದ ಮಳೆಗಾಲದಲ್ಲಿ, ಎರಡು ದಿನ ಜ್ವರ ಬಂದು, ಹೋಗಿಬಿಟ್ಟಳು. ರೇಣುಕಾಳಿಗೆ ಸುದ್ದಿ ಮುಟ್ಟಿಸಿದ್ದೆ. ಬರಲಿಲ್ಲ.

ಶಿಗ್ಗಾಂವಿಯ ಮದುವೆಯಿಂದ ಬಂದ ಮರುದಿನ ನಾನು ಅಂಗಡಿ ತೆರೆಯಲಿಲ್ಲ. ಬಸ್ಸು ಹತ್ತಿ ಹಿರೇಕೆರೂರಿಗೆ ಹೋದೆ. ಮನಸ್ಸು ಹಗುರ ಮಾಡಿಕೊಳ್ಳಲು ಅಲ್ಲ, ಜಗಳವಾಡಲು ಹೋದೆ. ಮಧ್ಯಾಹ್ನದ ಹೊತ್ತು. ಅಂಗನವಾಡಿಯಲ್ಲಿ ಕೂಸುಗಳು ಉಂಡು ಸಾಲಾಗಿ ಮಲಗಿದ್ದವು. ರೇಣುಕಾ ತೆಳ್ಳಗಾಗಿದ್ದಳು. ನೀರು ಕೊಟ್ಟಳು, ನಾನು ಮುಟ್ಟಲಿಲ್ಲ. ಫೋನು ತೆಗೆದು ಆ ದೃಶ್ಯ ಹಚ್ಚಿ ಅವಳ ಮುಖಕ್ಕೆ ಹಿಡಿದೆ. ಈ ಮುಖ ನೋಡು, ಇದು ನಾಟಕ ಮಾಡುವ ಮುಖವೇನು, ನೋಡಿ ಹೇಳು ಎಂದೆ. ಕೊಳಲು ಸುರುವಾದದ್ದೇ ಕೂಸುಗಳು ಎದ್ದಾವೆಂದು ಅವಳು ಫೋನು ಇಸಿದುಕೊಂಡು ದನಿ ಪೂರ್ತಿ ಇಳಿಸಿಬಿಟ್ಟಳು.

ದನಿಯಿಲ್ಲದೆ ಅದನ್ನು ನಾವಿಬ್ಬರೂ ಅವತ್ತೇ ಮೊದಲು ನೋಡಿದ್ದು. ಅವ್ವನ ಬಾಯಿ ಆಡುತ್ತಿತ್ತು. ಆ ನುಣ್ಣಗಿನ ದನಿ ಇಲ್ಲದ ಮೇಲೆ ಅದು ಎಂಥ ಒಣಗಿದ, ನಮ್ಮ ಅವ್ವನದೇ ಬಾಯಿ! ತುಟಿ ಎರಡೂ ಕೂಡಿದವು, ಬಿಚ್ಚಿದವು, ಹಲ್ಲಿಗೆ ಹಲ್ಲು ತಾಗಿತು, ಬಾಯಿ ಅಗಲಾಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಾಗೆಯೇ. ಮತ್ತೊಮ್ಮೆ. ರೇಣುಕಾ ಫೋನನ್ನು ಕಣ್ಣಿನ ಹತ್ತಿರ ತಂದಳು. ಅವಳ ತುಟಿಯೂ ಅವ್ವನ ತುಟಿಯ ಜೊತೆ ಆಡತೊಡಗಿತು, ದನಿಯಿಲ್ಲದೆ.

"ಬಸ್ಯಾ," ಎಂದಳು. "ಬಸ್ಯಾ ಅನ್ನಾಕತ್ತಾರ್ರಿ ಅಕ್ಕಾರ."

ನನ್ನ ಜಗಳವೆಲ್ಲ ಎಲ್ಲಿ ಹೋಯಿತೋ. ಹೂಂ ಎಂದೆ. ಅವಳು ಅದನ್ನು ಹಿಂದಕ್ಕೆ ಎಳೆದು ಎಳೆದು ನೋಡಿದಳು. ಬಸ್ಯಾ ಎನ್ನುವಲ್ಲೆಲ್ಲ ಬೆರಳಿನಿಂದ ಪರದೆಯ ಮೇಲೆ ಅವ್ವನ ತುಟಿಯನ್ನು ಮುಟ್ಟುತ್ತಿದ್ದಳು. ಆಮೇಲೆ ಒಂದು ಕಡೆ ತಡೆದು ನನ್ನ ಮುಖ ನೋಡಿದಳು. ರೇಣವ್ವ ಎನ್ನುವ ಜಾಗ ಅದು. ನಾನು ಹೇಳಬೇಕಾಗಿ ಬರಲಿಲ್ಲ.

ಫೋನು ನನ್ನ ಕೈಗೆ ಕೊಟ್ಟು, ಮಲಗಿದ ಕೂಸುಗಳಿಗೆ ಬೆನ್ನು ಮಾಡಿ, ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ಆಮೇಲೆ ಅದರಲ್ಲೇ ಕಣ್ಣೊರೆಸಿಕೊಂಡಳು.

"ನಾ ಅತ್ತಿ ಮಣ್ಣಿಗೂ ಬರ್ಲಿಲ್ಲರಿ ಅಕ್ಕಾರ," ಎಂದಳು.